ರೇಡಿಯೇಟರ್ ಬಿಚ್ಚೋಕೆ ಇಷ್ಟೊಂದು ಒದ್ದಾಟ ಯಾಕೆ? ಒಂದು ಜಾಯಿಂಟ್‌ನ ಕಥೆ

ಕಾರಿನ ರೇಡಿಯೇಟರ್ ಅಲ್ಲ ಮತ್ತೆ, ಚಳಿ ದೇಶದ ಮನೆಗಳಲ್ಲಿ ಗೋಡೆಗೆ ನೇತಾಕಿರ್ತಾರಲ್ಲ, ಒಳಗೆ ಬಿಸಿನೀರು ಓಡಾಡೋದು, ಅದು. ಒಂದ್ಸಲ ತುಕ್ಕು ಹಿಡಿದು ಜಿನುಗ್ತಿದ್ದ ಒಂದನ್ನ ನಾನೇ ಇಳಿಸೋಕೆ ಹೋಗಿದ್ದೆ. ಎರಡೂ ಕಡೆ ವಾಲ್ವ್ ಮುಚ್ಚಿ, ಸ್ಪ್ಯಾನರ್ ಹಾಕಿ ನಟ್ ಅರ್ಧ ಸುತ್ತು ತಿರುಗಿಸಿದ್ದಷ್ಟೇ, ಮಸಿ ಥರ ಕಪ್ಪು ನೀರು ಬಂದು ತಟ್ಟೆ ತುಂಬಿ ಕಾರ್ಪೆಟ್ಟಿಗೂ ಇಳೀತು. ಒರೆಸಿ ಮುಗಿಸಿ ಹೊಸದನ್ನ ಹಿಡಿದು ನೋಡಿದ್ರೆ ಅದು ಉದ್ದದಲ್ಲಿ ಹಳೇದಕ್ಕಿಂತ ಮೂರು ಬೆರಳು ಕಮ್ಮಿ, ಪೈಪ್ ಒಂದು ಕಡೆ, ರೇಡಿಯೇಟರ್ ಬಾಯಿ ಇನ್ನೊಂದು ಕಡೆ.

ಪೈಪ್ ರೇಡಿಯೇಟರ್‌ಗೆ ಸೇರೋ ಈ ಜಾಯಿಂಟ್ ಹತ್ರ ನಾವು ಮೂರು ಕೆಲಸ ಕೇಳ್ತೀವಿ: ಸೋರಬಾರ್ದು, ಬೇಕಾದಾಗ ಬಿಚ್ಚೋಕೆ ಬರ್ಬೇಕು, ಪೈಪ್ ಒಂಚೂರು ಆಚೀಚೆ ಆದ್ರೂ ಸಹಿಸ್ಕೋಬೇಕು. ನೂರೈವತ್ತು ವರ್ಷದಿಂದ ಒಂದನ್ನ ಸರಿಮಾಡಿದಾಗೆಲ್ಲ ಇನ್ನೊಂದು ಬಾಲ ಬಿಚ್ಚಿದೆ, ನೋಡಿ ಬೇಕಾದ್ರೆ.

1850ರ ದಶಕದಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಫ್ರಾಂಝ್ ಸ್ಯಾನ್ ಗಾಲಿ ಅನ್ನೋರು ರೇಡಿಯೇಟರ್ ಮಾಡಿದ್ರು, ಆಮೇಲೆ ಅಮೆರಿಕದಲ್ಲಿ ಅದು ದೊಡ್ಡ ಉದ್ಯಮನೇ ಆಯ್ತು. ಆವಾಗ ಪೈಪ್ ಸೇರಿಸೋಕೆ ಹೆಚ್ಚಾಗಿ ಬಳಸ್ತಿದ್ದಿದ್ದು ಥ್ರೆಡ್, ಅಂದ್ರೆ ಸ್ಕ್ರೂ ಮೇಲಿರೋ ಥರದ ಸುತ್ತು ಗೀರು. ಬ್ರಿಟನ್ನಲ್ಲಿ ಎಂಜಿನಿಯರ್ ಜೋಸೆಫ್ ವಿಟ್ವರ್ತ್ 1841ರಲ್ಲೇ 55 ಡಿಗ್ರಿ ಕೋನದ ಥ್ರೆಡ್ ಸೂಚಿಸಿದ್ರು, ಅಮೆರಿಕದಲ್ಲಿ ರಾಬರ್ಟ್ ಬ್ರಿಗ್ಸ್ ಲೆಕ್ಕ ಹಾಕಿದ್ದು 60 ಡಿಗ್ರಿದು, 1886ರಲ್ಲಿ ಅಲ್ಲಿನ ತಯಾರಕರು ಅದನ್ನೇ ಸ್ಟ್ಯಾಂಡರ್ಡ್ ಮಾಡ್ಕೊಂಡ್ರು. ಇಲ್ಲೇ ಇರೋದು ಮಜಾ, ಅರ್ಧ ಇಂಚಿನ ಪೈಪ್‌ನಲ್ಲಿ ಎರಡರಲ್ಲೂ ಇಂಚಿಗೆ 14 ಸುತ್ತು! ಹಾಗಾಗಿ ಒಂದರೊಳಗೆ ಒಂದು ಸರಾಗವಾಗಿ ಹತ್ಕೊಳತ್ತೆ, ಸರಿಯಾಗಿ ಕೂತಂಗೇ ಅನ್ಸತ್ತೆ, ಆಮೇಲೆ ಸೋರತ್ತೆ. ಇವತ್ತಿಗೂ ಬೇರೆ ದೇಶದ ವಾಲ್ವ್ ತರಿಸಿ ಹಾಕೋರು ಇದ್ರಲ್ಲಿ ಮೋಸ ಹೋಗ್ತಾರೆ.

ಥ್ರೆಡ್‌ನ ಸಂದಿ ಮುಚ್ಚೋಕೆ ಸೆಣಬಿನ ನಾರು ಸುತ್ತಿ ಪೇಸ್ಟ್ ಹಚ್ತಿದ್ರು. 1938ರಲ್ಲಿ ರಸಾಯನಶಾಸ್ತ್ರಜ್ಞ ರಾಯ್ ಪ್ಲಂಕೆಟ್ ಕೈಗೆ ಆಕಸ್ಮಿಕವಾಗಿ ಸಿಕ್ಕಿದ ಟೆಫ್ಲಾನ್ ಆಮೇಲೆ ಟೇಪ್ ಆಗಿ ಬಂತು, ಆದ್ರೂ ಹಳೇ ಕೈಗಳು ನಾರನ್ನೇ ನಂಬೋದು, ಯಾಕಂದ್ರೆ ಅದು ನೆನೆದ್ರೆ ಉಬ್ಬಿ ಸಂದಿ ಮುಚ್ಕೊಳತ್ತೆ, ಕೂರಿಸೋವಾಗ ಒಂಚೂರು ಹಿಂದಕ್ಕೆ ತಿರುಗಿಸಿದ್ರೂ ನಡೆಯತ್ತೆ, ಟೇಪ್ ಆದ್ರೆ ಬಿಚ್ಚಿ ಮತ್ತೆ ಸುತ್ಬೇಕು.

ಆದ್ರೆ ಬರೀ ಥ್ರೆಡ್ ಜಾಯಿಂಟ್ ಬಿಚ್ಬೇಕಂದ್ರೆ ಪೈಪನ್ನೋ ರೇಡಿಯೇಟರನ್ನೋ ಸುತ್ತಾ ತಿರುಗಿಸ್ಬೇಕು, ಮಣಭಾರದ ಬೀಡು ಕಬ್ಬಿಣದ್ದನ್ನ ಯಾರು ತಿರುಗಿಸ್ತಾರೆ? ಅದಕ್ಕೇ ಬಂದಿದ್ದು ಯೂನಿಯನ್. ರೇಡಿಯೇಟರ್ ಬಾಯಲ್ಲಿ ಒಂದು ಚಿಕ್ಕ ತುಂಡು ಪರ್ಮನೆಂಟಾಗಿ ಕೂತಿರತ್ತೆ, ಅದರ ತುದಿ ವಾಲ್ವ್‌ನ ಬಾಯಿಗೆ ಕೂರತ್ತೆ, ಮೇಲೊಂದು ದೊಡ್ಡ ನಟ್ ಎರಡನ್ನೂ ಎಳೆದು ಹಿಡಿಯತ್ತೆ. ನನ್ನ ಕೇಳಿದ್ರೆ ಈ ಇಡೀ ಕಥೆಯಲ್ಲಿ ನಿಜವಾದ ಜಾಣತನ ಇದೊಂದೇ, ಈಗಿನ ವಾಲ್ವ್‌ಗಳಲ್ಲೂ ಇರೋದು ಇದೇ ಐಡಿಯಾ.

ಬಿಸಿನೀರಿನ ಬದಲು ಹಬೆ ಓಡ್ತಿದ್ದ ಸ್ಟೀಮ್ ಕಾಲದಲ್ಲಿ ಎಷ್ಟೋ ಕಡೆ ಒಂದೇ ಪೈಪ್‌ನಲ್ಲಿ ಹಬೆ ಮೇಲೆ ಬಂದು ನೀರು ಕೆಳಗಿಳೀಬೇಕಿತ್ತು, ರೇಡಿಯೇಟರ್ ವಾಲ್ವ್ ಕಡೆ ಒಂಚೂರು ವಾಲಿರದಿದ್ರೆ ನೀರು ನಿಂತು ಸುತ್ತಿಗೇಲಿ ಹೊಡೆದಂಗೆ ಸದ್ದು. ಬಿಸಿನೀರಿಗೆ ಪಂಪ್ ಬಂದ್ಮೇಲೆ ದಪ್ಪ ಕಬ್ಬಿಣದ ಪೈಪ್ ಹೋಗಿ ಸಣ್ಣ ತಾಮ್ರದ್ದು ಬಂತು, ಅದನ್ನ ಸೇರಿಸೋಕೆ ಆಲಿವ್ ಅನ್ನೋ ಹಿತ್ತಾಳೆ ಉಂಗುರ, ನಟ್ ಬಿಗಿದ್ರೆ ಅದು ಪೈಪನ್ನ ಕಚ್ಚಿ ಹಿಡಿಯತ್ತೆ. ಥ್ರೆಡ್ ಹಾಕೋ ಕೆಲಸ ತಪ್ತು. ಆದ್ರೆ ತಾಮ್ರ ಬಿಸಿಯಾದ್ರೆ ಉದ್ದ ಆಗತ್ತೆ, 10 ಮೀಟರ್ ಪೈಪ್ 60 ಡಿಗ್ರಿ ಬಿಸಿ ಏರಿದ್ರೆ ಹತ್ರಹತ್ರ 1 ಸೆಂಟಿಮೀಟರ್, ರಾತ್ರಿ ನೆಲದಡಿಯಿಂದ ಟಿಕ್ ಟಿಕ್ ಅನ್ನೋದು ಅದೇನೇ.

ಅದಕ್ಕೆ ಪ್ಲಾಸ್ಟಿಕ್ ಪೈಪ್ ಬಂತು, ಬಾಗತ್ತೆ, ಜಾಯಿಂಟ್ ಮೇಲೆ ಜಗ್ಗಾಟ ಕಮ್ಮಿ, ಎಲ್ಲಾ ಖುಷಿ. ಆದ್ರೆ ಮೊದಮೊದಲು ಬಂದ ಪೈಪ್‌ಗಳ ಗೋಡೆಯಿಂದ ಆಕ್ಸಿಜನ್ ನಿಧಾನಕ್ಕೆ ಒಳಗೆ ನುಸುಳ್ತಿತ್ತು. ಪೈಪ್‌ಗೇನೂ ಆಗ್ಲಿಲ್ಲ, ಉಕ್ಕಿನ ರೇಡಿಯೇಟರ್ ಒಳಗಿಂದ ತುಕ್ಕು ಹಿಡೀತು! ಆಮೇಲೆ ಆಕ್ಸಿಜನ್ ತಡೆಯೋ ಪದರ ಸೇರಿಸಿದ್ರು, ಜರ್ಮನಿಯಲ್ಲಿ ಅದಕ್ಕೇ ಡಿಐಎನ್ 4726 ಅನ್ನೋ ಸ್ಟ್ಯಾಂಡರ್ಡ್ ಇದೆ.

ಇನ್ನು ನನ್ನ ಮೂರು ಬೆರಳಿನ ಗೋಳು. ಎರಡು ತುದೀಲಿ ಕನೆಕ್ಷನ್ ಇರೋವರೆಗೂ ಪೈಪ್‌ಗಳ ನಡುವಿನ ಅಂತರ ರೇಡಿಯೇಟರ್ ಉದ್ದದ ಮೇಲೇ ನಿಂತಿರತ್ತೆ, ಉದ್ದ ಬದಲಾದ್ರೆ ಪೈಪೂ ಬದಲಾಗ್ಬೇಕು. ಯುರೋಪಿನಲ್ಲಿ ಈಗ ಎಷ್ಟೋ ರೇಡಿಯೇಟರ್‌ಗಳಿಗೆ ಎರಡೂ ಪೈಪ್ ಕೆಳಗಿಂದ ಒಂದೇ ಕಡೆ ಬರತ್ತೆ, ನಡುವೆ 50 ಮಿಲಿಮೀಟರ್, ರೇಡಿಯೇಟರ್ ಎಷ್ಟೇ ಉದ್ದ ಇರ್ಲಿ ಅದು ಮಾತ್ರ ಬದಲಾಗಲ್ಲ. ಕೆಳಗೆ ಎಚ್ ಆಕಾರದ ಒಂದು ವಾಲ್ವ್, ಅಲ್ಲೇ ಎರಡೂ ಮುಚ್ಚಿ ರೇಡಿಯೇಟರ್ ಎತ್ಕೊಂಡು ಹೋಗ್ಬಹುದು. ಕೆಲವು ಮಾಡೆಲ್‌ನಲ್ಲಿ ನೀರು ಬಸಿಯೋಕೆ ಹೋಸ್ ಸಿಕ್ಕಿಸೋ ಜಾಗಾನೂ ಇರತ್ತೆ, ಆ ಕಪ್ಪು ನೀರು ನೆಟ್ಟಗೆ ಬಕೆಟ್ಟಿಗೆ ಹೋಗತ್ತೆ.