ಕೆಪಿ ಸೂಚ್ಯಂಕ

ಸೂರ್ಯನಲ್ಲಿ ದೊಡ್ಡ ಸ್ಫೋಟವಾಯಿತೆಂಬ ಸುದ್ದಿ ಬಂದೊಡನೆ, ಧ್ರುವಗಳ ಬಳಿಯ ಆಗಸದಲ್ಲಿ ಮೂಡುವ ಬಣ್ಣದ ಬೆಳಕನ್ನು, ಅಂದರೆ ಧ್ರುವಪ್ರಭೆಯನ್ನು, ನೋಡಲು ಕಾದಿರುವವರು ಮೊದಲು ವಿಚಾರಿಸುವುದು 'ಕೆಪಿ ಎಷ್ಟಿದೆ?' ಎಂದು. ಭೂಮಿಯ ಕಾಂತಕ್ಷೇತ್ರ ಎಷ್ಟು ಕದಡಿದೆ ಎಂಬುದನ್ನು ಸೊನ್ನೆಯಿಂದ 9ರವರೆಗಿನ ಅಂಕಿಯಲ್ಲಿ ಹೇಳುವ ಅಳತೆಯೇ ಕೆಪಿ ಸೂಚ್ಯಂಕ. ಹೆಸರು ಜರ್ಮನ್ ಮೂಲದ್ದು: 'ಕೆ' ಎಂಬುದು ಗುರುತಿನ ಅಂಕಿ ಎಂಬರ್ಥದ ಪದದ ಮೊದಲಕ್ಷರ, 'ಪಿ' ಎಂಬುದು ಇಡೀ ಗ್ರಹಕ್ಕೆ ಸಂಬಂಧಿಸಿದ್ದು ಎಂಬುದರ ಸೂಚನೆ. ಇದನ್ನು 1949ರಲ್ಲಿ ಬಳಕೆಗೆ ತಂದವರು ಭೂಭೌತವಿಜ್ಞಾನಿ ಯೂಲಿಯಸ್ ಬಾರ್ಟೆಲ್ಸ್.

ಧ್ರುವಕ್ಕೂ ಸಮಭಾಜಕಕ್ಕೂ ನಡುವಿನ ಅಕ್ಷಾಂಶಗಳಲ್ಲಿರುವ 13 ವೀಕ್ಷಣಾಲಯಗಳು, ದಿನವನ್ನು ಮೂರು ಗಂಟೆಗಳ ಎಂಟು ಭಾಗಗಳಾಗಿ ಮಾಡಿಕೊಂಡು, ಪ್ರತಿ ಅವಧಿಯಲ್ಲೂ ಕಾಂತಕ್ಷೇತ್ರದ ಏರಿಳಿತವನ್ನು ಅಳೆದು ತಂತಮ್ಮ ಅಂಕಿಗಳನ್ನು ಕೊಡುತ್ತವೆ. ಜರ್ಮನಿಯ ಪಾಟ್ಸ್‌ಡಾಮ್‌ನಲ್ಲಿರುವ ಭೂವಿಜ್ಞಾನ ಸಂಶೋಧನಾ ಕೇಂದ್ರವು ಅವನ್ನೆಲ್ಲ ಸರಿದೂಗಿಸಿ ಸರಾಸರಿ ತೆಗೆಯುತ್ತದೆ. ಒಂದೇ ಕ್ಷೋಭೆಯು ಧ್ರುವಕ್ಕೆ ಹತ್ತಿರವಾದಷ್ಟೂ ಹೆಚ್ಚಾಗಿ ಕಾಣುವುದರಿಂದ ಪ್ರತಿ ವೀಕ್ಷಣಾಲಯಕ್ಕೂ ಅದರದೇ ಮಾಪಕವಿದೆ. ಜರ್ಮನಿಯ ನೀಮೆಕ್‌ನಲ್ಲಿ 9 ಎಂಬ ಅಂಕಿ ಸಿಗಬೇಕಾದರೆ ಏರಿಳಿತ 500 ನ್ಯಾನೊಟೆಸ್ಲಾ (ಕಾಂತಕ್ಷೇತ್ರದ ಬಲವನ್ನು ಅಳೆಯುವ ಮಾನ) ಮುಟ್ಟಬೇಕು. ಇಂಥ ಕ್ಷೋಭೆಗೆ ಬಳಸುವ 'ಬಿರುಗಾಳಿ' ಎಂಬ ಮಾತಿನ ಅಬ್ಬರವೇನೇ ಇರಲಿ, ಅದು ಅಲ್ಲಿಯ ಕಾಂತಕ್ಷೇತ್ರದ ನೂರರಲ್ಲೊಂದು ಪಾಲಿನಷ್ಟೇ. ಕೆಪಿ 5 ತಲುಪಿದರೆ ಅದನ್ನು ಭೂಕಾಂತ ಬಿರುಗಾಳಿ ಎನ್ನುತ್ತಾರೆ. ಅಮೆರಿಕದ ಬಾಹ್ಯಾಕಾಶ ಹವಾಮಾನ ಕೇಂದ್ರದ ಜಿ-1ರಿಂದ ಜಿ-5ರವರೆಗಿನ ಎಚ್ಚರಿಕೆಗಳು ಕೆಪಿ 5ರಿಂದ 9ಕ್ಕೆ ಹೊಂದುತ್ತವೆ.

ಅಂಕಿ ಏರಿದಷ್ಟೂ ಧ್ರುವಪ್ರಭೆಯ ಉಂಗುರ ಧ್ರುವದಿಂದ ಕೆಳಕ್ಕೆ ಹಿಗ್ಗುತ್ತದೆ. ನಾರ್ವೆಯ ಟ್ರೊಮ್ಸೊದಲ್ಲಿ ಕೆಪಿ 2 ಇದ್ದರೂ ಬೆಳಕು ಕಾಣಬಹುದು. ಮಧ್ಯ ಯುರೋಪಿಗೆ 7 ಅಥವಾ 8 ಬೇಕಾದೀತು. ಆದರೆ ಈ ಅಂಕಿಯನ್ನೇ ನಂಬಿ ಹೊರಡುವವರು ಮರೆಯುವ ಸಂಗತಿಯೊಂದಿದೆ: ಅಳೆದ ಕೆಪಿ ಕಳೆದುಹೋದ ಮೂರು ಗಂಟೆಗಳ ವರದಿ, ಅದೂ ಇಡೀ ಭೂಮಿಯ ಸರಾಸರಿ. ಧ್ರುವಪ್ರಭೆಯಾದರೋ ಹತ್ತು ನಿಮಿಷ ಉಕ್ಕಿ ಅಡಗಿಬಿಡಬಹುದು. ಪಳಗಿದ ವೀಕ್ಷಕರು ಆದ್ದರಿಂದ ಕೆಪಿಗಿಂತ ಹೆಚ್ಚಾಗಿ ಸೌರಮಾರುತದ (ಸೂರ್ಯನಿಂದ ಹೊಮ್ಮುವ ಕಣಗಳ ಹರಿವಿನ) ಕಾಂತಕ್ಷೇತ್ರದ ಉತ್ತರ-ದಕ್ಷಿಣ ದಿಕ್ಕನ್ನು, ಅಂದರೆ 'ಬಿ-ಜಡ್' ಎಂಬ ಬೆಲೆಯನ್ನು ಗಮನಿಸುತ್ತಾರೆ. ಅದು ದಕ್ಷಿಣಕ್ಕೆ ತಿರುಗಿ ಋಣವಾದಾಗ ಮಾತ್ರ ಭೂಮಿಯ ಕಾಂತಕ್ಷೇತ್ರದ ಕದ ಸೌರಮಾರುತಕ್ಕೆ ಚೆನ್ನಾಗಿ ತೆರೆದುಕೊಳ್ಳುತ್ತದೆ. ಈ ಬೆಲೆಯನ್ನು ಭೂಮಿಯಿಂದ ಸೂರ್ಯನ ಕಡೆಗೆ ಸುಮಾರು 15 ಲಕ್ಷ ಕಿಲೋಮೀಟರ್ ದೂರದ ಎಲ್-1 ಬಿಂದುವಿನಲ್ಲಿರುವ ನೌಕೆಗಳು ಅಳೆಯುವುದರಿಂದ, ಸಿಗುವ ಮುನ್ಸೂಚನೆ ಹೆಚ್ಚೆಂದರೆ ಒಂದು ಗಂಟೆಯದು. ಇಸ್ರೋದ ಆದಿತ್ಯ-ಎಲ್1 ಕೂಡ 2024ರ ಜನವರಿಯಿಂದ ಅಲ್ಲಿದೆ.

2024ರ ಮೇ 10 ಮತ್ತು 11ರಂದು ಕೆಪಿ 9 ಮುಟ್ಟಿತು. 2003ರ ಅಕ್ಟೋಬರ್ ನಂತರ ಜಿ-5 ಮಟ್ಟದ ಬಿರುಗಾಳಿ ಬಂದದ್ದು ಆಗಲೇ. ಆ ರಾತ್ರಿ ಬೆಂಗಳೂರಿನ ಭಾರತೀಯ ಖಭೌತವಿಜ್ಞಾನ ಸಂಸ್ಥೆಗೆ ಸೇರಿದ, ಲಡಾಖ್‌ನ ಹಾನ್ಲೆ ವೀಕ್ಷಣಾಲಯದ ಕ್ಯಾಮೆರಾಗಳು ಉತ್ತರ ದಿಗಂತದಲ್ಲಿ ಕೆಂಪು ಬೆಳಕನ್ನು ಸೆರೆಹಿಡಿದವು. ನೂರು ಕಿಲೋಮೀಟರ್ ಎತ್ತರದ ಆಸುಪಾಸಿನ ಹಸಿರು ಬೆಳಕು ಭೂಮಿಯ ಬಾಗುವಿಕೆಯ ಮರೆಗೆ ಸರಿದು, ಇನ್ನೂರು ಕಿಲೋಮೀಟರಿಗೂ ಮೇಲೆ ಆಮ್ಲಜನಕ ಸೂಸುವ ಕೆಂಪಷ್ಟೇ ಅಷ್ಟು ದೂರಕ್ಕೆ ಕಾಣಬಲ್ಲದು.