ದುಗ್ಗಮ್ಮನಿಗೆ ಗ್ರಂಥವಿಲ್ಲ: ಧಾರ್ಮಿಕ ಸ್ವಾತಂತ್ರ್ಯದ ವ್ಯಾಜ್ಯಗಳನ್ನು ಓದುವ ಬಗೆ

ದಾವಣಗೆರೆಯ ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ. ಜಾತ್ರೆ ಹತ್ತಿರವಾದಂತೆ ಪ್ರಾಣಿಬಲಿ ನಿಷೇಧದ ಮಾತೂ ಏಳುತ್ತದೆ. ಹರಕೆ ಹೊತ್ತವರು ಇದು ತಲೆತಲಾಂತರದ ನಡಾವಳಿ ಎನ್ನುತ್ತಾರೆ. ನಿಷೇಧ ಜಾರಿಯಾಗಲೇಬೇಕು ಎನ್ನುವವರು 1959ರ ಕರ್ನಾಟಕ ಪ್ರಾಣಿಬಲಿ ತಡೆ ಕಾಯ್ದೆಯನ್ನು ಮುಂದಿಡುತ್ತಾರೆ. ಸಂವಿಧಾನದ ಪತ್ರಿಕೆಯನ್ನು ಕನ್ನಡದಲ್ಲಿ ಬರೆಯುವ ನಮ್ಮಂಥ ಕಾನೂನು ವಿದ್ಯಾರ್ಥಿಗಳಿಗೆ 25ನೇ ವಿಧಿಯನ್ನು ಅರ್ಥ ಮಾಡಿಕೊಳ್ಳಲು ಇದಕ್ಕಿಂತ ಹತ್ತಿರದ ಉದಾಹರಣೆ ಸಿಗಲಾರದು. ಆದ್ದರಿಂದ ಈ ಟಿಪ್ಪಣಿಯನ್ನು ಆ ಜಾತ್ರೆಯಿಂದ ಆರಂಭಿಸಿ, ತೀರ್ಪುಗಳ ದಾರಿಯಲ್ಲಿ ಒಂದು ಸುತ್ತು ಹೋಗಿ, ಮತ್ತೆ ಅದರ ಬಳಿಗೇ ಬರುತ್ತೇನೆ.

ವಿಧಿಯ ಮಾತು

25(1)ನೇ ವಿಧಿಯನ್ನು ಬಹಳಷ್ಟು ಜನ ಅದರ ಕೊನೆಯ ಭಾಗದಿಂದ ನೆನಪಿಟ್ಟುಕೊಳ್ಳುತ್ತಾರೆ: ಧರ್ಮವನ್ನು ಅವಲಂಬಿಸುವ, ಆಚರಿಸುವ, ಪ್ರಚಾರ ಮಾಡುವ ಹಕ್ಕು. ಅದಕ್ಕೂ ಮೊದಲು ಅಲ್ಲಿ ಎರಡು ಸಂಗತಿಗಳಿವೆ. ಮೊದಲನೆಯದು ಷರತ್ತು, ಈ ಹಕ್ಕು ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯ ಮಾತ್ರವಲ್ಲದೆ ಮೂಲಭೂತ ಹಕ್ಕುಗಳ ಭಾಗದ ಇತರ ಎಲ್ಲ ಉಪಬಂಧಗಳಿಗೂ ಒಳಪಟ್ಟಿದೆ. ಎರಡನೆಯದು ಅಂತಃಸಾಕ್ಷಿಯ ಸ್ವಾತಂತ್ರ್ಯ. ಅದನ್ನು ಧರ್ಮಕ್ಕಿಂತ ಮೊದಲು ಹೇಳಲಾಗಿದೆ, ಮತ್ತು ಅದು ಯಾವ ಧರ್ಮಕ್ಕೂ ಸೇರದವನಿಗೂ ಸಲ್ಲುತ್ತದೆ. 25(2)ನೇ ವಿಧಿಯು ಧರ್ಮಕ್ಕೆ ಅಂಟಿಕೊಂಡಿರುವ ಆರ್ಥಿಕ, ರಾಜಕೀಯ ಮುಂತಾದ ಲೌಕಿಕ ಚಟುವಟಿಕೆಗಳನ್ನು ನಿಯಂತ್ರಿಸುವ, ಸಮಾಜ ಸುಧಾರಣೆ ತರುವ ಮತ್ತು ಸಾರ್ವಜನಿಕ ಸ್ವರೂಪದ ಹಿಂದೂ ಧಾರ್ಮಿಕ ಸಂಸ್ಥೆಗಳನ್ನು ಹಿಂದೂಗಳ ಎಲ್ಲ ವರ್ಗಗಳಿಗೂ ತೆರೆಯುವ ಅಧಿಕಾರವನ್ನು ಸರ್ಕಾರಕ್ಕೆ ಕೊಡುತ್ತದೆ. 26ನೇ ವಿಧಿಯ ಹಕ್ಕು ವ್ಯಕ್ತಿಗಲ್ಲ, ಧಾರ್ಮಿಕ ಪಂಗಡಕ್ಕೆ ಸೇರಿದ್ದು. 27 ಮತ್ತು 28ನೇ ವಿಧಿಗಳು ತೆರಿಗೆ ಮತ್ತು ಶಾಲೆಗಳ ಧಾರ್ಮಿಕ ಬೋಧನೆಯ ಬಗ್ಗೆ ಇವೆ. ಅವುಗಳನ್ನು ಇಲ್ಲಿ ಬಿಡುತ್ತೇನೆ.

ಒಂದು ಪದ ಜಾಗ ಬದಲಿಸಿದ ಕಥೆ

1948ರ ಡಿಸೆಂಬರ್ 2ರಂದು ಸಂವಿಧಾನ ರಚನಾ ಸಭೆಯಲ್ಲಿ ವೈಯಕ್ತಿಕ ಕಾನೂನುಗಳ ಬಗ್ಗೆ ಮಾತನಾಡುತ್ತ ಅಂಬೇಡ್ಕರ್ ಅವರು, ಈ ದೇಶದಲ್ಲಿ ಧರ್ಮದ ಕಲ್ಪನೆಯು ಹುಟ್ಟಿನಿಂದ ಸಾವಿನವರೆಗಿನ ಎಲ್ಲವನ್ನೂ ಆವರಿಸುವಷ್ಟು ವಿಶಾಲವಾಗಿರುವುದರಿಂದ, ಮೂಲತಃ ಧಾರ್ಮಿಕವಾದ ವಿಧಿಗಳಿಗೆ ಮಾತ್ರ ರಕ್ಷಣೆಯನ್ನು ಸೀಮಿತಗೊಳಿಸಬೇಕೆಂಬ ಅರ್ಥದ ಮಾತು ಹೇಳಿದರು. ಅವರು ಬೇರ್ಪಡಿಸಿದ್ದು ಧಾರ್ಮಿಕವಾದದ್ದನ್ನು ಲೌಕಿಕವಾದದ್ದರಿಂದ. ಆಸ್ತಿ ಹಂಚಿಕೆಯೋ ಗೇಣಿಯೋ ಆದರೆ ಅದು ಕಾನೂನಿನ ವ್ಯಾಪ್ತಿಗೆ ಬರುತ್ತದೆ. ಪೂಜೆಯಾದರೆ ಭಕ್ತರಿಗೆ ಬಿಟ್ಟದ್ದು.

1954ರಲ್ಲಿ ಶಿರೂರು ಮಠದ ಪ್ರಕರಣ ಬಂತು. ಉಡುಪಿಯ ಅಷ್ಟಮಠಗಳಲ್ಲೊಂದಾದ ಈ ಮಠದ ಸ್ವಾಮಿಗಳು 1951ರ ಮದ್ರಾಸ್ ಧಾರ್ಮಿಕ ದತ್ತಿ ಕಾಯ್ದೆಯನ್ನು ಪ್ರಶ್ನಿಸಿದ್ದರು. ದಕ್ಷಿಣ ಕನ್ನಡ ಆಗ ಮದ್ರಾಸಿಗೆ ಸೇರಿತ್ತು. ನ್ಯಾಯಮೂರ್ತಿ ಬಿ.ಕೆ. ಮುಖರ್ಜಿಯಾ ಅವರು, ಧರ್ಮವೆಂದರೆ ಬರೀ ನಂಬಿಕೆಯಲ್ಲ, ಆಚರಣೆಯೂ ಅದರಲ್ಲಿ ಸೇರಿದೆ, ಮತ್ತು ಒಂದು ಧರ್ಮದ ಅತ್ಯಗತ್ಯ ಭಾಗ ಯಾವುದೆಂಬುದನ್ನು ಆ ಧರ್ಮದ ಸಿದ್ಧಾಂತಗಳಿಂದಲೇ ತಿಳಿಯಬೇಕು ಎಂದು ಬರೆದರು. ಇದು ಮಠದ ಪರವಾದ, ಉದಾರವಾದ ಮಾತು. ಆದರೆ ‘ಮೂಲತಃ ಧಾರ್ಮಿಕವೇ’ ಎಂಬ ಪ್ರಶ್ನೆ ಇಲ್ಲಿಂದ ಮುಂದೆ ‘ಧರ್ಮಕ್ಕೆ ಅತ್ಯಗತ್ಯವೇ’ ಎಂದಾಗುತ್ತ ಹೋಯಿತು. ಮೊದಲ ಪ್ರಶ್ನೆಯಲ್ಲಿ ನ್ಯಾಯಾಧೀಶರು ಧರ್ಮದ ಬಾಗಿಲ ಹೊರಗೆ ನಿಂತಿದ್ದಾರೆ. ಎರಡನೆಯದರಲ್ಲಿ ಒಳಗೆ ಬಂದು, ಯಾವ ಕಂಬ ತೆಗೆದರೆ ಮನೆ ಬೀಳುತ್ತದೆ ಎಂದು ಎಣಿಸುತ್ತಿದ್ದಾರೆ. ಈ ವ್ಯತ್ಯಾಸವನ್ನು ಹಿಡಿದವರಿಗೆ ಮುಂದಿನ ತೀರ್ಪುಗಳನ್ನು ಗಟ್ಟು ಹೊಡೆಯುವ ಕೆಲಸವಿಲ್ಲ.

ಎಣಿಕೆ ಎಲ್ಲಿಗೆ ಮುಟ್ಟಿತೆಂಬುದನ್ನು ನೋಡಿ. 1958ರ ಮೊಹಮ್ಮದ್ ಹನೀಫ್ ಖುರೇಷಿ ಪ್ರಕರಣದಲ್ಲಿ ಬಕ್ರೀದಿಗೆ ಹಸುವಿನ ಬದಲು ಮೇಕೆಯನ್ನೂ ಒಂಟೆಯನ್ನೂ ಬಲಿ ಕೊಡಲು ಅವಕಾಶವಿರುವುದರಿಂದ ಹಸುವಿನ ಬಲಿ ಕಡ್ಡಾಯವಲ್ಲ ಎಂದು ನ್ಯಾಯಾಲಯ ಗ್ರಂಥಗಳನ್ನು ನೋಡಿ ತೀರ್ಮಾನಿಸಿತು. 1961ರ ಅಜ್ಮೇರ್ ದರ್ಗಾ ಪ್ರಕರಣದಲ್ಲಿ ನ್ಯಾಯಮೂರ್ತಿ ಗಜೇಂದ್ರಗಡ್ಕರ್ ಅವರು ಧಾರ್ಮಿಕವೆನಿಸುವ ಆಚರಣೆಗಳೂ ಮೂಢನಂಬಿಕೆಯಿಂದ ಬಂದು ಸೇರಿಕೊಂಡ ಅನಗತ್ಯ ಭಾಗಗಳಾಗಿರಬಹುದು ಎಂದು ಸೇರಿಸಿದರು. ಆನಂದಮಾರ್ಗಿಗಳ ಪ್ರಕರಣ ಇನ್ನೂ ವಿಚಿತ್ರ: ಪಂಥ ಸ್ಥಾಪನೆಯಾದದ್ದು 1955ರಲ್ಲಿ, ಬೀದಿಯಲ್ಲಿ ತಾಂಡವ ನೃತ್ಯ ಮಾಡುವ ಪದ್ಧತಿ ಶುರುವಾದದ್ದು 1966ರಲ್ಲಿ, ನಡುವಿನ ವರ್ಷಗಳಲ್ಲಿ ತಾಂಡವವಿಲ್ಲದೆಯೂ ಪಂಥ ನಡೆದಿತ್ತಾದ್ದರಿಂದ ಅದು ಅತ್ಯಗತ್ಯವಲ್ಲ ಎಂದು 1983ರಲ್ಲಿ ಹೇಳಲಾಯಿತು. ಈ ತರ್ಕದ ಪ್ರಕಾರ ಯಾವ ಧರ್ಮವೂ ಹುಟ್ಟಿದ ದಿನದ ನಂತರ ಏನನ್ನೂ ಕಲಿಯುವಂತಿಲ್ಲ. ಬೀದಿಯಲ್ಲಿ ತಲೆಬುರುಡೆ, ಕತ್ತಿ ಹಿಡಿದು ಕುಣಿಯುವುದನ್ನು ಸಾರ್ವಜನಿಕ ಸುವ್ಯವಸ್ಥೆಯ ಹೆಸರಿನಲ್ಲಿ ನೇರವಾಗಿಯೇ ನಿಯಂತ್ರಿಸಬಹುದಿತ್ತು. ಅದಕ್ಕೆ ಪಂಥದ ಇತಿಹಾಸವನ್ನು ಅಳೆಯುವ ಅಗತ್ಯವಿರಲಿಲ್ಲ ಎಂಬುದು ನನ್ನ ಅಭಿಪ್ರಾಯ.

ನಮ್ಮ ನಾಡಿನದೇ ಆದ ಇನ್ನೊಂದು ಪ್ರಕರಣ ಶ್ರೀ ವೆಂಕಟರಮಣ ದೇವರು ವಿರುದ್ಧ ಮೈಸೂರು ರಾಜ್ಯ. ಮೂಲ್ಕಿಯ ಗೌಡ ಸಾರಸ್ವತ ಬ್ರಾಹ್ಮಣರ ದೇವಸ್ಥಾನಕ್ಕೆ ದಲಿತರ ಪ್ರವೇಶದ ಹಕ್ಕು ಅನ್ವಯವಾಗುತ್ತದೆಯೇ ಎಂಬುದು ಅಲ್ಲಿನ ಪ್ರಶ್ನೆ. ಮದ್ರಾಸಿನ 1947ರ ದೇವಾಲಯ ಪ್ರವೇಶ ಕಾಯ್ದೆಯಿಂದ ಹುಟ್ಟಿದ ವ್ಯಾಜ್ಯಕ್ಕೆ ಮೈಸೂರು ರಾಜ್ಯದ ಹೆಸರು ಬಂದದ್ದು 1956ರ ಪುನರ್ವಿಂಗಡಣೆಯಿಂದ. ನ್ಯಾಯಾಲಯವು ದೇವಸ್ಥಾನ ಒಂದು ಪಂಗಡದ್ದೆಂದು ಒಪ್ಪಿತು, ಪ್ರವೇಶ ಯಾರಿಗೆ ಎಂಬುದು ಧರ್ಮದ ವಿಷಯವೇ ಎಂದೂ ಒಪ್ಪಿತು; ಆದರೂ 26ನೇ ವಿಧಿಯ ಪಂಗಡದ ಹಕ್ಕು 25(2)ರ ದೇವಾಲಯ ಪ್ರವೇಶದ ಕಾನೂನಿಗೆ ಮಣಿಯಬೇಕು ಎಂದಿತು. ಕೆಲವು ವಿಶೇಷ ಸೇವೆಗಳಿಗೆ ಮಾತ್ರ ಪಂಗಡದವರನ್ನಷ್ಟೇ ಸೇರಿಸಿಕೊಳ್ಳಲು ಬಿಟ್ಟಿತು. ಇಲ್ಲಿ ‘ಅತ್ಯಗತ್ಯವಲ್ಲ’ ಎಂದು ಆಚರಣೆಯನ್ನು ತಳ್ಳಿಹಾಕಲಿಲ್ಲ. ಧರ್ಮದ್ದೇ ಆದರೂ ಸಮಾನತೆಯ ಮುಂದೆ ನಿಲ್ಲದು ಎಂದು ಮುಖಕ್ಕೇ ಹೇಳಿತು. ಪ್ರಾಮಾಣಿಕವಾದ ದಾರಿ ಇದೇ ಎಂದು ನನಗೆ ಅನ್ನಿಸುತ್ತದೆ.

ಮೂವರು ಮಕ್ಕಳು ಮತ್ತು ಎರಡು ದೇಶಗಳು

ಇನ್ನೊಂದು ದಾರಿ ಅಂತಃಸಾಕ್ಷಿಯದು. 1985ರಲ್ಲಿ ಕೇರಳದ ಶಾಲೆಯೊಂದರಲ್ಲಿ ಯೆಹೋವನ ಸಾಕ್ಷಿಗಳು ಎಂಬ ಕ್ರೈಸ್ತ ಪಂಥದ ಮೂವರು ಮಕ್ಕಳು ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ಅವರನ್ನು ಶಾಲೆಯಿಂದ ಹೊರಹಾಕಲಾಯಿತು. ಹೈಕೋರ್ಟಿನಲ್ಲಿ ಸೋತರು. 1986ರ ಆಗಸ್ಟ್ 11ರಂದು ಬಿಜೋ ಇಮ್ಯಾನುಯೆಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿ ಅವರಿದ್ದ ಪೀಠವು ಮಕ್ಕಳ ಪರವಾಗಿ ತೀರ್ಪು ನೀಡಿತು. ರಾಷ್ಟ್ರಗೀತೆಯನ್ನು ಹಾಡಲೇಬೇಕೆಂದು ಯಾವ ಶಾಸನವೂ ಹೇಳುವುದಿಲ್ಲ, ರಾಷ್ಟ್ರಗೌರವಕ್ಕೆ ಅವಮಾನ ತಡೆಯುವ 1971ರ ಕಾಯ್ದೆ ಶಿಕ್ಷಿಸುವುದು ಹಾಡುವುದನ್ನು ತಡೆಯುವವರನ್ನು, ಹಾಡಬೇಕೆಂಬ ಶಿಕ್ಷಣ ಇಲಾಖೆಯ ಸುತ್ತೋಲೆಗೆ ಕಾನೂನಿನ ಬಲವಿಲ್ಲ. ಆದ್ದರಿಂದ ಅಭಿವ್ಯಕ್ತಿ ಸ್ವಾತಂತ್ರ್ಯದ 19(1)(ಎ) ಮತ್ತು 25ನೇ ವಿಧಿಗಳ ಹಕ್ಕನ್ನು ಅದು ಮೊಟಕುಗೊಳಿಸಲಾರದು ಎಂಬುದು ಅದರ ತರ್ಕ. ಆ ಪಂಥದಲ್ಲಿ ಹಾಡದಿರುವುದು ‘ಅತ್ಯಗತ್ಯ’ವೇ ಎಂದು ಪೀಠ ಅಳೆಯಲಿಲ್ಲ. ನಂಬಿಕೆ ಪ್ರಾಮಾಣಿಕವಾಗಿದೆಯೇ, ಅಂತಃಸಾಕ್ಷಿಯಿಂದ ಬಂದಿದೆಯೇ ಎಂದು ಮಾತ್ರ ನೋಡಿತು.

ಆ ತೀರ್ಪು ಅಮೆರಿಕದ ಬಾರ್ನೆಟ್ ಪ್ರಕರಣವನ್ನೂ ಉಲ್ಲೇಖಿಸುತ್ತದೆ. ಅಲ್ಲಿ 1940ರಲ್ಲಿ ಗೊಬೈಟಿಸ್ ಪ್ರಕರಣದಲ್ಲಿ ಇದೇ ಪಂಥದ ಮಕ್ಕಳು ಧ್ವಜವಂದನೆ ಮಾಡಲೇಬೇಕೆಂದು ಎಂಟು ನ್ಯಾಯಮೂರ್ತಿಗಳು ಹೇಳಿದ್ದರು, ಒಬ್ಬರು ಮಾತ್ರ ಭಿನ್ನಮತ ಬರೆದಿದ್ದರು. ಅದರ ಬೆನ್ನಿಗೆ ಆ ಪಂಥದವರ ಮೇಲೆ ಹಲ್ಲೆಗಳು ನಡೆದವು. ಮೂರೇ ವರ್ಷಗಳಲ್ಲಿ, 1943ರ ಜೂನ್ 14ರಂದು, ಬಾರ್ನೆಟ್ ಪ್ರಕರಣದಲ್ಲಿ ಅದೇ ನ್ಯಾಯಾಲಯ ಆರು–ಮೂರರ ಬಹುಮತದಿಂದ ತನ್ನ ನಿಲುವನ್ನು ತಿರುಗಿಸಿತು. ಎರಡೂ ಪ್ರಕರಣಗಳಲ್ಲಿ 1920ರಲ್ಲಿ ಸ್ಥಾಪನೆಯಾದ ಅಮೆರಿಕನ್ ಸಿವಿಲ್ ಲಿಬರ್ಟೀಸ್ ಯೂನಿಯನ್ ಮಕ್ಕಳ ಪರವಾಗಿ ನ್ಯಾಯಾಲಯಕ್ಕೆ ತನ್ನ ವಾದ ಸಲ್ಲಿಸಿತ್ತು. ಕಕ್ಷಿದಾರನಲ್ಲದ ಸಂಘಟನೆಯೊಂದು ನ್ಯಾಯಾಲಯಕ್ಕೆ ಹೀಗೆ ನೆರವಾಗುವ ಪದ್ಧತಿಯನ್ನು ಗುರುತಿಸಿಕೊಳ್ಳಿ. ನಮ್ಮಲ್ಲಿಯೂ ನಾಗರಿಕ ಸ್ವಾತಂತ್ರ್ಯದ ಸಂಘಟನೆ ಹೊಸದಲ್ಲ. 1936ರಲ್ಲಿ ನೆಹರೂ ಅವರ ಮುತುವರ್ಜಿಯಿಂದ ಹುಟ್ಟಿದ ಸಂಘಕ್ಕೆ ರವೀಂದ್ರನಾಥ ಠಾಕೂರರು ಗೌರವಾಧ್ಯಕ್ಷರಾಗಿದ್ದರು, ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976ರಲ್ಲಿ, ಜಯಪ್ರಕಾಶ ನಾರಾಯಣರು ಕಟ್ಟಿದ ಸಂಘಟನೆಯೇ ಮುಂದೆ ಪಿಯುಸಿಎಲ್ (ಪೀಪಲ್ಸ್ ಯೂನಿಯನ್ ಫಾರ್ ಸಿವಿಲ್ ಲಿಬರ್ಟೀಸ್) ಆಯಿತು. ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ದಾರಿ ತೆರೆದ ಮೇಲೆ ಇಂಥವರು ತಾವೇ ಅರ್ಜಿದಾರರಾಗಿ ನಿಲ್ಲುವಂತಾಯಿತು. ಅದರಲ್ಲೊಂದು ತೊಡಕೂ ಇದೆ: ಮುಟ್ಟಾಗುವ ವಯಸ್ಸಿನ ಹೆಂಗಸರ ದೇವಾಲಯ ಪ್ರವೇಶದ ಶಬರಿಮಲೆ ಪ್ರಕರಣದಲ್ಲಿ ಅರ್ಜಿ ಹಾಕಿದ್ದು ವಕೀಲರ ಸಂಘ, ದೇವಸ್ಥಾನದ ಭಕ್ತೆಯರಲ್ಲ ಎಂಬುದು 2018ರ ತೀರ್ಪಿನಲ್ಲಿ ನ್ಯಾಯಮೂರ್ತಿ ಇಂದು ಮಲ್ಹೋತ್ರಾ ಅವರ ಭಿನ್ನಮತದ ಒಂದು ಆಧಾರವಾಗಿತ್ತು.

ಎರಡು ದಾರಿಗಳು ಎದುರುಬದುರಾದದ್ದು ಹಿಜಾಬ್ ಪ್ರಕರಣದಲ್ಲಿ. ಸಮವಸ್ತ್ರದ ಬಗ್ಗೆ 2022ರ ಫೆಬ್ರುವರಿ 5ರ ಸರ್ಕಾರಿ ಆದೇಶ, ರಾಜ್ಯವಿಡೀ ಮೂರು ದಿನ ಶಾಲಾ ಕಾಲೇಜುಗಳಿಗೆ ರಜೆ, ಮಾರ್ಚ್ 15ರಂದು ಹೈಕೋರ್ಟಿನ ಪೂರ್ಣಪೀಠದ ತೀರ್ಪು, ಇವೆಲ್ಲ ನಮ್ಮ ತರಗತಿಗಳಿಗೂ ಮುಟ್ಟಿದ ಸಂಗತಿಗಳು. ಹೈಕೋರ್ಟ್ ಮೊದಲ ದಾರಿ ಹಿಡಿದು, ಹಿಜಾಬ್ ಇಸ್ಲಾಮಿನ ಅತ್ಯಗತ್ಯ ಆಚರಣೆಯಲ್ಲ ಎಂದಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಬೇರೆ ಬೇರೆ ತೀರ್ಪು ಕೊಟ್ಟರು. ಹೇಮಂತ್ ಗುಪ್ತಾ ಅವರು ಮೇಲ್ಮನವಿಗಳನ್ನು ವಜಾ ಮಾಡಿದರು. ಸುಧಾಂಶು ಧುಲಿಯಾ ಅವರು ಅತ್ಯಗತ್ಯವೇ ಎಂಬ ಪ್ರಶ್ನೆಯನ್ನು ಕೇಳಿದ್ದೇ ತಪ್ಪು ಎಂದು ಬಿಜೋ ಇಮ್ಯಾನುಯೆಲ್ ತೀರ್ಪನ್ನು ಆಧರಿಸಿ ಬರೆದರು. ಯಾರ ಪಕ್ಷ ವಹಿಸಿದರೂ ಉತ್ತರ ಪತ್ರಿಕೆಯಲ್ಲಿ ಈ ಭಿನ್ನತೆ ಎಲ್ಲಿ ಹುಟ್ಟಿತೆಂಬುದನ್ನು ತೋರಿಸಬೇಕು. ‘ತೀರ್ಪು ವಿಭಜನೆಯಾಯಿತು’ ಎಂದಷ್ಟೇ ಬರೆದರೆ ಏನೂ ಹೇಳಿದಂತಾಗುವುದಿಲ್ಲ.

ಮತಾಂತರದ ಬಗ್ಗೆ ಚಿಕ್ಕದಾಗಿ. 1977ರ ಸ್ಟ್ಯಾನಿಸ್ಲಾಸ್ ಪ್ರಕರಣ ಪ್ರಚಾರದ ಹಕ್ಕಿನಲ್ಲಿ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಸೇರಿಲ್ಲ ಎಂದಿತು. ಆದರೆ ತಾನೇ ಮತ ಬದಲಿಸುವವನ ಅಂತಃಸಾಕ್ಷಿಯ ಪ್ರಶ್ನೆ ಹಾಗೆಯೇ ಉಳಿಯಿತು. ಕರ್ನಾಟಕದ 2022ರ ಕಾಯ್ದೆಯು ಮತ ಬದಲಿಸುವವರು ಜಿಲ್ಲಾಧಿಕಾರಿಗೆ 30 ದಿನ ಮೊದಲು ತಿಳಿಸಬೇಕೆಂದೂ, ಅದನ್ನು ಸೂಚನಾ ಫಲಕದಲ್ಲಿ ಹಾಕಿ ಆಕ್ಷೇಪಣೆ ಕರೆಯಬೇಕೆಂದೂ ಹೇಳಿತು. 2023ರ ಜೂನ್‌ನಲ್ಲಿ ಸಚಿವ ಸಂಪುಟ ಅದನ್ನು ಹಿಂಪಡೆಯಲು ತೀರ್ಮಾನಿಸಿತು. ಹಿಮಾಚಲ ಪ್ರದೇಶದ ಹೈಕೋರ್ಟ್ 2012ರಲ್ಲಿಯೇ ಅಲ್ಲಿನ ಇಂಥ ಮುನ್ಸೂಚನೆಯ ಉಪಬಂಧವನ್ನು ಖಾಸಗಿತನದ ಆಧಾರದ ಮೇಲೆ ರದ್ದುಪಡಿಸಿತ್ತು. ಎರಡನ್ನೂ ಒಟ್ಟಿಗೆ ಓದಿಕೊಳ್ಳಿ.

ಮತ್ತೆ ಜಾತ್ರೆಗೆ

ಈಗ ದುಗ್ಗಮ್ಮನ ಪ್ರಶ್ನೆ. ಬಲಿ ಅತ್ಯಗತ್ಯ ಆಚರಣೆ ಎಂದು ವಾದಿಸುವ ವಕೀಲರು ಯಾವ ಸಾಕ್ಷ್ಯ ತರಬೇಕು? ಮಠಕ್ಕೆ ಭಾಷ್ಯಗಳಿವೆ, ಮಸೀದಿಗೆ ಕುರಾನ್ ಇದೆ, ಚರ್ಚಿಗೆ ಬೈಬಲ್ ಇದೆ. ಗ್ರಾಮದೇವತೆಗೆ ಇರುವುದು ಪೂಜಾರಿಯ ಬಾಯಿಮಾತು, ಪದಗಳು, ಹರಕೆಗಳು. ಅತ್ಯಗತ್ಯದ ಪರೀಕ್ಷೆ ಗ್ರಂಥವಿರುವ ಧರ್ಮಗಳ ಅಳತೆಗೆ ಹೊಲಿದ ಅಂಗಿ. ಗ್ರಂಥವಿಲ್ಲದವರು ಅದರೊಳಗೆ ತೂರಲು ಹೋದರೆ ಅವರ ನಂಬಿಕೆ ಪದ್ಧತಿಯಾಗಿಯೋ ಮೌಢ್ಯವಾಗಿಯೋ ಹೊರಬೀಳುತ್ತದೆ. ಚಳ್ಳಕೆರೆ, ಮೊಳಕಾಲ್ಮುರು ಸೀಮೆಯ ಮ್ಯಾಸಬೇಡರು ಕಿಲಾರಿಗಳನ್ನಿಟ್ಟು, ಅಂದರೆ ದನ ಕಾಯುವವರನ್ನಿಟ್ಟು, ದೇವರ ಎತ್ತುಗಳನ್ನು ಸಾಕುತ್ತಾರೆ. ಅದು ಧರ್ಮವೋ ಪಶುಪಾಲನೆಯೋ ಎಂದು ಅವರನ್ನೇ ಕೇಳಿದರೆ ಪ್ರಶ್ನೆಯೇ ಅರ್ಥವಾಗದೆ ನಕ್ಕಾರು.

ಹಾಗೆಂದು ಆಚರಣೆಯನ್ನು ಧರ್ಮವೆಂದು ಒಪ್ಪಿದ ಮಾತ್ರಕ್ಕೆ ಅದಕ್ಕೆ ರಕ್ಷಣೆ ಸಿಕ್ಕಿಬಿಡುವುದಿಲ್ಲ. ಇದನ್ನು ಸ್ಪಷ್ಟಪಡಿಸಲು ನಾನು ಚಿತ್ರದುರ್ಗದ ಕಾಡುಗೊಲ್ಲರ ಹಟ್ಟಿಗಳ ಉದಾಹರಣೆ ಕೊಡುತ್ತೇನೆ. ಮುಟ್ಟಾದ ಮತ್ತು ಹೆರಿಗೆಯಾದ ಹೆಂಗಸರನ್ನು ಹಟ್ಟಿಯ ಹೊರಗಿಡುವ ಪದ್ಧತಿ ದೈವದ ಮೇಲಿನ ಪ್ರಾಮಾಣಿಕ ನಂಬಿಕೆಯಿಂದಲೇ ನಡೆದುಬಂದಿದೆ. ಅದು ಅತ್ಯಗತ್ಯವೋ ಅಲ್ಲವೋ ಎಂದು ಅವರ ದೈವ ಜುಂಜಪ್ಪನ ಕಾವ್ಯದಲ್ಲಿ ಹುಡುಕಬೇಕಿಲ್ಲ. ಧರ್ಮದ್ದೇ ಎಂದು ಒಪ್ಪೋಣ. 25(1)ರ ಮೊದಲ ಷರತ್ತಿನ ಪ್ರಕಾರ ಅದು 14, 15, 21ನೇ ವಿಧಿಗಳಿಗೆ ಒಳಪಟ್ಟಿದೆ, ಬಾಣಂತಿಯ ಜೀವ ಮತ್ತು ಘನತೆ ಆ ವಿಧಿಗಳಲ್ಲಿವೆ. ಅಮಾನವೀಯ ಪದ್ಧತಿಗಳನ್ನು ತಡೆಯುವ ಕರ್ನಾಟಕದ 2017ರ ಕಾಯ್ದೆ ಇಂಥ ಪ್ರತ್ಯೇಕಿಸುವಿಕೆಯನ್ನು ನಿಷೇಧಿತ ಪಟ್ಟಿಗೆ ಸೇರಿಸಿದೆ. ಶಬರಿಮಲೆ ತೀರ್ಪಿನಲ್ಲಿ ನ್ಯಾಯಮೂರ್ತಿ ಚಂದ್ರಚೂಡ್ ಅವರು ಮುಟ್ಟಿನ ಕಾರಣಕ್ಕೆ ಹೊರಗಿಡುವುದನ್ನು 17ನೇ ವಿಧಿಯ ಅಸ್ಪೃಶ್ಯತೆಯ ಒಂದು ರೂಪವೆಂದೇ ಕಂಡರು.

ಬಲಿಯ ವಿಷಯ ಅಷ್ಟು ಸಲೀಸಲ್ಲ, ಏಕೆಂದರೆ ಅಲ್ಲಿ ಎದುರಿಗಿರುವುದು ಇನ್ನೊಬ್ಬ ಮನುಷ್ಯನ ಮೂಲಭೂತ ಹಕ್ಕಲ್ಲ. 1960ರ ಕೇಂದ್ರದ ಪ್ರಾಣಿಹಿಂಸೆ ತಡೆ ಕಾಯ್ದೆಯ 28ನೇ ಕಲಮು ಯಾವುದೇ ಸಮುದಾಯದ ಧರ್ಮಕ್ಕೆ ಅಗತ್ಯವಾದ ರೀತಿಯಲ್ಲಿ ಪ್ರಾಣಿಯನ್ನು ಕೊಲ್ಲುವುದು ಆ ಕಾಯ್ದೆಯಡಿ ಅಪರಾಧವಲ್ಲ ಎನ್ನುತ್ತದೆ. ರಾಜ್ಯದ 1959ರ ಕಾಯ್ದೆಯು ದೇವಸ್ಥಾನ ಮತ್ತು ಅದರ ಆವರಣದಲ್ಲಿ ಬಲಿಯನ್ನು ನಿಷೇಧಿಸುತ್ತದೆ. ಸರ್ಕಾರದ ಪರ ವಕೀಲರು ಸುವ್ಯವಸ್ಥೆ, ಆರೋಗ್ಯ, 25(2)ರ ಸಮಾಜ ಸುಧಾರಣೆ ಎಂಬ ಮೂರು ಕಾರಣಗಳನ್ನು ಕೊಡಬಹುದು, ಮತ್ತು ಮೂರಕ್ಕೂ ಪುರಾವೆ ಒದಗಿಸುವ ಹೊಣೆ ಅವರದು. ಹರಕೆ ಹೊತ್ತವರ ಪರ ವಕೀಲರು ಗ್ರಂಥ ಹುಡುಕುವುದನ್ನು ಬಿಟ್ಟು ಬಿಜೋ ಇಮ್ಯಾನುಯೆಲ್ ದಾರಿ ಹಿಡಿಯಬೇಕು: ನಂಬಿಕೆ ಪ್ರಾಮಾಣಿಕ, ನಿರ್ಬಂಧಕ್ಕೆ ಕಾರಣ ತೋರಿಸಿ. ಆದರೆ ಆ ಪ್ರಕರಣದಲ್ಲಿ ಎದುರಿಗೆ ಬರೀ ಸುತ್ತೋಲೆಯಿತ್ತು, ಇಲ್ಲಿ ಶಾಸನವೇ ಇದೆ ಎಂಬ ವ್ಯತ್ಯಾಸವನ್ನು ಉತ್ತರದಲ್ಲಿ ಮರೆಯಬೇಡಿ. ಅವರ ವಾದ ದುರ್ಬಲವಾಗುವುದು ಅಲ್ಲಿಯೇ. ಇನ್ನು ಈ ಕಾಯ್ದೆಯ ಸಿಂಧುತ್ವವನ್ನು 226ನೇ ವಿಧಿಯಡಿ ರಿಟ್ ಅರ್ಜಿಯಲ್ಲಿ ಪ್ರಶ್ನಿಸಬೇಕೆಂದರೆ ದಾವಣಗೆರೆಯವರು ಹೈಕೋರ್ಟಿನ ಹತ್ತಿರದ ಧಾರವಾಡ ಪೀಠಕ್ಕಲ್ಲ, ಬೆಂಗಳೂರಿನ ಪ್ರಧಾನ ಪೀಠಕ್ಕೇ ಹೋಗಬೇಕು.

2019ರ ನವೆಂಬರ್ 14ರಂದು ಶಬರಿಮಲೆ ಮರುಪರಿಶೀಲನೆಯಲ್ಲಿ ಮೂರು–ಎರಡರ ಬಹುಮತ ದೊಡ್ಡ ಪೀಠಕ್ಕೆ ಒಪ್ಪಿಸಿದ ಪ್ರಶ್ನೆಗಳಲ್ಲಿ, ಅತ್ಯಗತ್ಯ ಆಚರಣೆ ಯಾವುದೆಂದು ನ್ಯಾಯಾಲಯ ಎಷ್ಟರ ಮಟ್ಟಿಗೆ ವಿಚಾರಿಸಬಹುದು, ಅಥವಾ ಅದನ್ನು ಧರ್ಮದ ಮುಖ್ಯಸ್ಥರಿಗೇ ಬಿಡಬೇಕೇ ಎಂಬುದೂ ಒಂದು. ಪ್ರಶ್ನೆಯ ಎರಡನೆಯ ಭಾಗವನ್ನು ಓದುವಾಗ ದುಗ್ಗಮ್ಮನ ಜಾತ್ರೆಯಲ್ಲಿ ಆ ಮುಖ್ಯಸ್ಥರು ಯಾರೆಂದು ನಿಮ್ಮ ಪುಸ್ತಕದ ಅಂಚಿನಲ್ಲಿ ಬರೆದುನೋಡಿ: ಪೂಜಾರಿಯೇ, ಟ್ರಸ್ಟಿನವರೇ, ಹರಕೆ ಹೊತ್ತ ಹೆಣ್ಣುಮಗಳೇ?