ಗಾಳಿ ಕದ್ದವರಿಗೆ ಚಿನ್ನ

2000ನೇ ಇಸವಿ, ಸೆಪ್ಟೆಂಬರ್ 29. ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಲೇಸರ್ ಎಂಬ, ಒಬ್ಬರೇ ನಡೆಸುವ ಹಾಯಿದೋಣಿಯ ಸ್ಪರ್ಧೆಯ ಕೊನೆಯ ದಿನ. ನಲವತ್ತಕ್ಕೂ ಹೆಚ್ಚು ದೋಣಿಗಳು ನೀರಿಗಿಳಿದಿದ್ದವು. ಚಿನ್ನಕ್ಕೆ ಪೈಪೋಟಿ ಇದ್ದದ್ದು ಇಬ್ಬರ ನಡುವೆ ಮಾತ್ರ: ಬ್ರೆಜಿಲ್‌ನ ರಾಬರ್ಟ್ ಶೈಟ್ ಮತ್ತು ಬ್ರಿಟನ್ನಿನ ಬೆನ್ ಐನ್ಸ್ಲಿ. ಆದರೆ ಆ ಇಬ್ಬರೂ ಗುಂಪಿನ ಕಟ್ಟಕಡೆಗೆ ಬಿದ್ದಿದ್ದರು. ಐನ್ಸ್ಲಿಗೆ ಮುಂದೆ ಹೋಗುವ ಆತುರವೇ ಇರಲಿಲ್ಲ. ಶೈಟ್ ಯಾವ ಕಡೆ ತಿರುಗಿದರೂ, ಅವರಿಗೆ ಗಾಳಿ ಬರುವ ದಾರಿಯಲ್ಲೇ ತಮ್ಮ ದೋಣಿ ತಂದು ಅಡ್ಡ ಹಾಕುತ್ತಿದ್ದರು. ದಿನದ ಕೊನೆಗೆ ಚಿನ್ನ ಐನ್ಸ್ಲಿಯದಾಯಿತು.

ಹಾಯಿದೋಣಿ ರೇಸ್ ಅಂದರೆ ಗಾಳಿಯ ಅದೃಷ್ಟ ಅಂತ ಅಂದುಕೊಂಡವರು ತುಂಬಾ ಜನ. ಶಿಳ್ಳೆ ಹೊಡೆದರೆ ಗಾಳಿ ಏಳುತ್ತದೆ ಅಂತ ಯುರೋಪಿನ ನಾವಿಕರು ನಂಬಿದ್ದ ಕಾಲವೂ ಇತ್ತು. ಸಿಡ್ನಿಯ ಆ ರೇಸ್ ನೋಡಿದರೆ ಇದೆಲ್ಲ ಎಷ್ಟು ಪೊಳ್ಳು ಅಂತ ಗೊತ್ತಾಗುತ್ತದೆ. ಅಲ್ಲಿ ನಡೆದದ್ದು ಲೆಕ್ಕ ಹಾಕಿ ಮಾಡಿದ ಗಾಳಿ ಕಳ್ಳತನ. ನಿಯಮದ ಒಳಗೇ ನಡೆದ ಕಳ್ಳತನ.

ಅದು ಅರ್ಥವಾಗಬೇಕಾದರೆ ಮೊದಲು ಒಂದು ತಪ್ಪು ಕಲ್ಪನೆ ಬಿಡಬೇಕು. ಗಾಳಿ ಹಿಂದಿನಿಂದ ತಳ್ಳುತ್ತದೆ, ದೋಣಿ ಮುಂದೆ ಹೋಗುತ್ತದೆ ಅಂತ ಹೆಚ್ಚಿನವರು ತಿಳಿದಿದ್ದಾರೆ. ಅಷ್ಟೇ ಆಗಿದ್ದರೆ ದೋಣಿ ಎದುರುಗಾಳಿಗೆ ಒಂದು ಮಾರೂ ಮುಂದೆ ಹೋಗುತ್ತಿರಲಿಲ್ಲ. ಆದರೆ ರೇಸ್‌ನ ಮೊದಲ ಹಂತವೇ ಎದುರುಗಾಳಿಯ ಕಡೆಗೆ! ನೇರ ಗಾಳಿಯ ಬಾಯಿಗೆ ಹೋಗಲಾಗದು ನಿಜ. ಸುಮಾರು 45 ಡಿಗ್ರಿ ಓರೆಯಾಗಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹಾವಿನಂತೆ ಹೋಗಬೇಕು. ದಾರಿ ನೇರ ದೂರದ 1.4 ಪಟ್ಟು ಆಗುತ್ತದೆ. ಆದರೂ ತಲುಪಬಹುದು.

ಹೇಗೆ? ಹಾಯಿ ಗಾಳಿಯನ್ನು ತಡೆದು ನಿಲ್ಲಿಸುವುದಿಲ್ಲ, ಬಾಗಿಸುತ್ತದೆ. ಬಾಗಿದ ಹಾಯಿಯ ಎರಡೂ ಮೈ ಹಿಡಿದು ಹರಿಯುವ ಗಾಳಿ ಹಿಂದಿನ ಅಂಚಿನಲ್ಲಿ ದಿಕ್ಕು ಬದಲಿಸಿ ಹೊರಬರುತ್ತದೆ. ಗಾಳಿಯನ್ನು ಒಂದು ಕಡೆ ತಿರುಗಿಸಿದರೆ ಹಾಯಿ ಇನ್ನೊಂದು ಕಡೆ ತಳ್ಳಿಸಿಕೊಳ್ಳಲೇಬೇಕು, ನ್ಯೂಟನ್‌ನ ಮೂರನೇ ನಿಯಮ. ಈ ಬಲದ ಹೆಚ್ಚು ಪಾಲು ದೋಣಿಯನ್ನು ಪಕ್ಕಕ್ಕೆ ನೂಕುತ್ತದೆ, ಸ್ವಲ್ಪ ಪಾಲು ಮಾತ್ರ ಮುಂದಕ್ಕೆ. ಪಕ್ಕಕ್ಕೆ ಜಾರದಂತೆ ತಡೆಯಲು ದೋಣಿಯ ಹೊಟ್ಟೆಯಿಂದ ನೀರಿಗೆ ಒಂದು ಹಲಗೆ ಇಳಿಬಿಟ್ಟಿರುತ್ತಾರೆ. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ. ಹಾಗಾಗಿ ಅಷ್ಟು ಸಣ್ಣ ಹಲಗೆ 7 ಚದರ ಮೀಟರಿನ ಹಾಯಿಗೆ ಎದುರು ನಿಲ್ಲುತ್ತದೆ.

ಹಲಸಿನ ಹಣ್ಣು ಬಿಡಿಸುವಾಗ ಲೋಳೆ ಬೀಜವನ್ನು ಎರಡು ಬೆರಳ ನಡುವೆ ಒತ್ತಿದ್ದೀರಾ? ಬೆರಳು ಒತ್ತುವುದು ಎರಡೂ ಪಕ್ಕದಿಂದ, ಬೀಜ ಚಿಮ್ಮುವುದು ಮುಂದಕ್ಕೆ. ದೋಣಿಗೆ ಒಂದು ಬೆರಳು ಗಾಳಿ, ಇನ್ನೊಂದು ಬೆರಳು ನೀರು. ಎರಡರಲ್ಲಿ ಒಂದು ಬೆರಳು ತೆಗೆದರೂ ಬೀಜ ಚಿಮ್ಮದು. ಹಲಗೆ ಇಲ್ಲದ ದೋಣಿ ಸುಮ್ನೆ ಗಾಳಿ ಬೀಸಿದ ಕಡೆ ತೇಲಿಹೋಗುತ್ತದೆ.

ಇಲ್ಲಿ ಇನ್ನೊಂದು ಹಳೇ ತಪ್ಪು ಬಂದು ವಕ್ಕರಿಸುತ್ತದೆ. 'ಹಾಯಿಯ ಉಬ್ಬಿದ ಮೈ ಮೇಲಿನ ದಾರಿ ಉದ್ದ. ಎರಡೂ ಕಡೆಯ ಗಾಳಿ ಒಟ್ಟಿಗೇ ತುದಿ ಸೇರಬೇಕು. ಅದಕ್ಕೇ ಉಬ್ಬಿನ ಕಡೆ ಗಾಳಿ ಜೋರಾಗಿ ಹೋಗುತ್ತದೆ' ಎಂಬ ವಿವರಣೆ. ವಿಮಾನದ ರೆಕ್ಕೆಗೂ ಇದನ್ನೇ ಹೇಳಿಕೊಡುತ್ತಾರೆ. ಒಂದು ಕ್ಷಣ ಹಾಯಿಯನ್ನು ನೋಡಿ. ಅದು ತೆಳು ಬಟ್ಟೆ. ಬಟ್ಟೆಯ ಎರಡು ಮೈಗೆ ಎಲ್ಲಿಂದ ಬಂತು ಬೇರೆ ಬೇರೆ ಉದ್ದ? ವಿವರಣೆ ಅಲ್ಲೇ ಸತ್ತಿತು, ಅಲ್ವಾ? ಇನ್ನು ಎರಡು ಕಡೆಯ ಗಾಳಿ ಒಟ್ಟಿಗೇ ತುದಿ ಸೇರಬೇಕೆಂಬ ನಿಯಮ ಎಲ್ಲೂ ಇಲ್ಲ. ಗಾಳಿ ಸುರಂಗದಲ್ಲಿ ಹೊಗೆ ಬಿಟ್ಟು ನೋಡಿದರೆ ಉಬ್ಬಿನ ಕಡೆಯ ಹೊಗೆ ಮೊದಲೇ ತುದಿ ದಾಟಿರುತ್ತದೆ. 1738ರಲ್ಲಿ ಡೇನಿಯಲ್ ಬರ್ನೂಲಿ ಪ್ರಕಟಿಸಿದ ವೇಗ ಮತ್ತು ಒತ್ತಡದ ಸಂಬಂಧ ಸರಿಯೇ ಇದೆ. ಅದರ ಹೆಸರಿಗೆ ಅಂಟಿಸಿದ ಈ ಕಥೆ ಸುಳ್ಳು.

ಎದುರುಗಾಳಿಗೆ ಹೋಗುವ ವಿದ್ಯೆ ಹೊಸದೇನಲ್ಲ. ವಿಜಯನಗರದ ಕಾಲದಲ್ಲಿ ಹೊರ್ಮುಜ್ ಕಡೆಯಿಂದ ಭಟ್ಕಳಕ್ಕೆ ಕುದುರೆಗಳು ಬರುತ್ತಿದ್ದವಲ್ಲ, ಆ ಅರಬ್ ಹಡಗುಗಳ ಓರೆ ಹಾಯಿಗೂ ಇದು ಸ್ವಲ್ಪಮಟ್ಟಿಗೆ ಗೊತ್ತಿತ್ತು. ಆದರೂ ಅವರು ಮಾನ್ಸೂನ್ ಗಾಳಿ ತಿರುಗುವವರೆಗೆ ಕಾಯುತ್ತಿದ್ದರು. ಭಾರ ಹೊತ್ತ ಅಗಲ ಹಡಗು ಪಕ್ಕಕ್ಕೆ ಜಾಸ್ತಿ ಜಾರುತ್ತದೆ. ತಿಂಗಳುಗಟ್ಟಲೆ ಓರೆ ಹೊಡೆಯುವುದಕ್ಕಿಂತ ದಡದಲ್ಲಿ ಕಾಯುವುದೇ ಲಾಭ.

ಈಗ ಕಳ್ಳತನಕ್ಕೆ ಬರೋಣ. ಹಾಯಿ ಗಾಳಿಯಿಂದ ಬಲ ಪಡೆದಾಗ ಅದರ ಹಿಂದೆ ಹರಿಯುವ ಗಾಳಿ ಮೊದಲಿನಂತೆ ಇರುವುದಿಲ್ಲ. ನಿಧಾನವಾಗಿರುತ್ತದೆ, ಸುಳಿ ತುಂಬಿರುತ್ತದೆ, ದಿಕ್ಕೂ ಕೆಟ್ಟಿರುತ್ತದೆ. ಈ ಹಾಳು ಗಾಳಿ ಹಲವು ದೋಣಿಯುದ್ದದವರೆಗೆ ಚಾಚಿಕೊಂಡಿರುತ್ತದೆ. ಅದರಲ್ಲಿ ಸಿಕ್ಕವರ ಕಥೆ ಕೇಳಿ: ಹಾಯಿಯ ಬಲ ಗಾಳಿಯ ವೇಗದ ವರ್ಗಕ್ಕೆ ತಕ್ಕಂತೆ ಇರುತ್ತದೆ. ವೇಗ 30 ಶೇಕಡಾ ಇಳಿದರೆ 0.7ರ ವರ್ಗ 0.49, ಅಂದರೆ ಬಲ ಅರ್ಧಕ್ಕರ್ಧ ಹೋಯಿತು. ಸಾಲದ್ದಕ್ಕೆ ಮುಂದಿನ ಹಾಯಿ ಬಾಗಿಸಿ ಕಳಿಸಿದ ಗಾಳಿ ಹಿಂದಿನವರಿಗೆ ಇನ್ನಷ್ಟು ಎದುರಿನಿಂದಲೇ ಬರುತ್ತದೆ. ಅವರು ಗುರಿಯಿಂದ ದೂರ ತಿರುಗಬೇಕಾಗುತ್ತದೆ. ಬಲವೂ ಹೋಯಿತು, ದಾರಿಯೂ ಹೋಯಿತು.

ಇದರಲ್ಲಿ ನನಗೆ ತುಂಬಾ ಇಷ್ಟವಾದ ಸೂಕ್ಷ್ಮ ಒಂದಿದೆ. ಹಾಳು ಗಾಳಿ ಬೀಳುವುದು ದಡದಲ್ಲಿ ನಿಂತವರಿಗೆ ತೋರುವ ಗಾಳಿಯ ದಿಕ್ಕಿನಲ್ಲಲ್ಲ. ದೋಣಿ ಚಲಿಸುತ್ತಿರುವುದರಿಂದ ಅದರ ಮೇಲಿರುವವರಿಗೆ ಗಾಳಿ ಇನ್ನೂ ಮುಂದಿನಿಂದ ಬಂದಂತೆ ತೋರುತ್ತದೆ. ಹಾಳು ಗಾಳಿಯ ಈ ನೆರಳು ಬೀಳುವುದು ಆ ತೋರಿಕೆಯ ಗಾಳಿಯ ದಿಕ್ಕಿಗೆ. ಹಾಯಿಕಂಬದ ಮೇಲಿನ ಪುಟ್ಟ ಗಾಳಿಸೂಚಿಯ ಬಾಲ ಎದುರಾಳಿಯ ಕಡೆ ತಿರುಗಿದ್ದರೆ ಏಟು ಸರಿಯಾಗಿ ಬಿದ್ದಿದೆ ಅಂತಲೇ ಅರ್ಥ.

ಲೇಸರ್‌ನಲ್ಲಿ ಈ ಏಟು ಇನ್ನೂ ಜೋರು. 1970ರ ಸುಮಾರಿಗೆ ಕೆನಡಾದ ಬ್ರೂಸ್ ಕರ್ಬಿ ವಿನ್ಯಾಸ ಮಾಡಿದ ಈ ದೋಣಿಗಳು ಎಲ್ಲ ಒಂದೇ ಅಚ್ಚಿನವು. ಉದ್ದ 4.23 ಮೀಟರ್, ಒಂದೇ ಹಾಯಿ, ಒಬ್ಬರೇ ಸವಾರರು. ನಮ್ಮಲ್ಲೂ ಹೈದರಾಬಾದಿನ ಹುಸೇನ್ ಸಾಗರದಲ್ಲಿ ಇವುಗಳ ರೇಸ್ ನಡೆಯುತ್ತದೆ. ಯಾರ ದೋಣಿಯೂ ಇನ್ನೊಬ್ಬರದಕ್ಕಿಂತ ಸ್ವಭಾವತಃ ವೇಗದ್ದಲ್ಲ. ಹಾಗಾಗಿ ನೆರಳಿನಲ್ಲಿ ಸಿಕ್ಕವರು ಬರೀ ವೇಗದಿಂದ ತಪ್ಪಿಸಿಕೊಳ್ಳಲಾರರು. ತಿರುಗಿ ಓಡಬೇಕು. ಪ್ರತಿ ತಿರುವಿಗೂ ವೇಗ ಕಳೆದುಕೊಳ್ಳುತ್ತಾರೆ, ಬೆನ್ನಟ್ಟಿದವರು ಮತ್ತೆ ಬಂದು ಮೇಲೆ ಕೂರುತ್ತಾರೆ.

ಆದರೆ ಹಿಂದೆ ಬಿದ್ದು ಚಿನ್ನ ಹೇಗೆ? ಇಲ್ಲಿ ಮೊದಲು ಬಂದವರಿಗೆ 1 ಅಂಕ, ಹತ್ತನೆಯವರಿಗೆ 10. ಹಲವು ರೇಸ್‌ಗಳ ಮೊತ್ತ ಯಾರದು ಕಡಿಮೆಯೋ ಅವರೇ ವಿಜೇತರು. ತೀರಾ ಕೆಟ್ಟ ಫಲಿತಾಂಶಗಳನ್ನು ಲೆಕ್ಕದಿಂದ ಕೈಬಿಡಬಹುದು. ಐನ್ಸ್ಲಿ ತಮ್ಮ ಕೊನೆಯ ರೇಸನ್ನು ಹಾಗೆ ಬಿಡಬಹುದಿತ್ತು. ಶೈಟ್ ತುಂಬಾ ಹಿಂದೆ ಬಿದ್ದರೆ ಅವರ ಮೊತ್ತ ಏರುತ್ತಿತ್ತು. ಜಗಳದ ಮಧ್ಯೆ ಶೈಟ್ ನಿಯಮ ಮೀರಿದರೆಂದು ತೀರ್ಪುಗಾರರು ಅವರನ್ನು ಆ ರೇಸ್‌ನಿಂದ ಅನರ್ಹಗೊಳಿಸಿದರು. ನಾಲ್ಕು ವರ್ಷ ಹಿಂದೆ, 1996ರ ಒಲಿಂಪಿಕ್ಸ್‌ನ ಕೊನೆಯ ರೇಸ್‌ನಲ್ಲಿ, ಶೈಟ್ ಶುರುವಿನ ಸಂಕೇತಕ್ಕೆ ಮೊದಲೇ ಆರಂಭದ ಗೆರೆ ದಾಟಿದ್ದರು. ಐನ್ಸ್ಲಿಯೂ ಹಿಂದೆಯೇ ದಾಟಿದ್ದರು. ಇಬ್ಬರೂ ಅನರ್ಹರಾಗಿ, ಅಂಕದಲ್ಲಿ ಅದಾಗಲೇ ಮುಂದಿದ್ದ ಶೈಟ್‌ಗೆ ಚಿನ್ನ ಹೋಗಿತ್ತು. ಐನ್ಸ್ಲಿಗೆ ಆಗ 19 ವರ್ಷ.

ಇದು ಕ್ರೀಡಾ ಮನೋಭಾವವೇ ಅಂತ ಕೇಳುವವರಿದ್ದಾರೆ. ನನ್ನ ಮಟ್ಟಿಗೆ ಇದು ಅಪ್ಪಟ ಆಟ. ಗಾಳಿ ಕಣ್ಣಿಗೆ ಕಾಣದು. ಅದರ ನೆರಳು ಎಲ್ಲಿ ಬೀಳುತ್ತದೆಂದು ಮನಸ್ಸಿನಲ್ಲೇ ಗೆರೆ ಎಳೆದು, ಓಡುತ್ತಿರುವ ಇನ್ನೊಂದು ದೋಣಿಯನ್ನು ಅದರೊಳಗೆ ಹಿಡಿದಿಡುವುದು ಚಿಕ್ಕ ಕೆಲಸವಲ್ಲ. ಆದರೆ 2008ರಿಂದ ಒಲಿಂಪಿಕ್ಸ್‌ನ ಲೆಕ್ಕವೇ ಬದಲಾಯಿತು. ಕೊನೆಯ ದಿನದ ರೇಸ್‌ಗೆ ಮೊದಲ ಹತ್ತು ದೋಣಿಗಳಿಗೆ ಮಾತ್ರ ಪ್ರವೇಶ. ಅಂಕ ಎರಡು ಪಟ್ಟು. ಅದನ್ನು ಲೆಕ್ಕದಿಂದ ಕೈಬಿಡುವಂತಿಲ್ಲ. ಹಾಗಾಗಿ ಎದುರಾಳಿಯನ್ನು ಹಿಂದೆ ಎಳೆಯುವವರು ಈಗ ತಮ್ಮ ಅಂಕಕ್ಕೂ ಬೆಲೆ ತೆರಬೇಕು.